ಅಪ್ಪ ತಟ್ಟಿ ನೋಡಿದ ಹಲಗೆ

ಹಳೆಯ ವಿಮಾನಗಳನ್ನೂ ಮರ ಕೊಯ್ಯುವ ಗರಗಸಗಳನ್ನೂ ಒಟ್ಟಿಗೇ ಇಟ್ಟಿರುವ ಮ್ಯೂಸಿಯಂ. ಟಿಕೆಟ್ ಸಾಲಿನಲ್ಲಿ ನನ್ನ ಮುಂದಿದ್ದ ಅಜ್ಜ, ಅಜ್ಜಿ ಆಗಷ್ಟೇ ಪರಿಚಯವಾಗಿ ಮಾತಿಗೆ ಬಿದ್ದಿದ್ದರು.

“ನಮ್ಮಪ್ಪ ಇಲ್ಲಿನ ಸಾಮಿಲ್‌ನಲ್ಲಿದ್ರಮ್ಮ. ವಿಮಾನದ ರೆಕ್ಕೆಗೆ ಹಲಗೆ ಆರಿಸೋ ಕೆಲಸ. ಒಂದೊಂದನ್ನೂ ತಟ್ಟಿ, ಕಿವಿಗೊಟ್ಟು ಕೇಳಿ, ಹತ್ತರಲ್ಲಿ ಒಂಬತ್ತು ಬೇಡ ಅನ್ನೋರು.”

“ಮಾಲೀಕರು ಸುಮ್ನಿದ್ರಾ?”

“ಎಲ್ಲಿ! ದಿನಾ ಬೈಗುಳ. ನಿಮ್ಮ ತಂದೆ?”

“ಪೈಲಟ್ಟು. ಒಂದ್ಸಲ ಮೇಲೆ ಇಂಜಿನ್ ಕೆಟ್ಟು, ಬರೀ ರೆಕ್ಕೆ ನಂಬ್ಕೊಂಡು ತೇಲ್ತಾ ಬಂದು ಇಳಿದ್ರಂತೆ. ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ.”

“ಅಯ್ಯೋ ದೇವ್ರೇ!”

“ನಿಮ್ಮಪ್ಪ ಆ ಒಂಬತ್ತನ್ನ ಬೇಡ ಅಂದಿದ್ದಕ್ಕೇ ನಾನಿವತ್ತು ಇಲ್ಲಿ ನಿಂತಿದ್ದೀನಿ ಅಣ್ಣ. ಬನ್ನಿ, ಆ ವಿಮಾನ ಒಳಗಿದೆ, ಅದರ ರೆಕ್ಕೆ ಇಲ್ಲಿನ ಸಾಮಿಲ್ ಹಲಗೇದೇ.”

“ಮುಟ್ಟಬಾರದು ಅಂತ ಬೋರ್ಡ್ ಇದ್ಯಲ್ಲಮ್ಮ.”

“ನೀವು ತಟ್ಟಿ ನೋಡಿ. ಕಾವಲಿನವನಿಗೆ ನಾನು ಅಡ್ಡ ನಿಲ್ತೀನಿ,” ಎಂದು ಅಜ್ಜಿ ಅಜ್ಜನ ತೋಳು ಹಿಡಿದು ಒಳಗೆ ನಡೆದೇಬಿಟ್ಟರು.