ಮೂರು ಕೋಟೆಗೂ ಮೊದಲ ವೀಳ್ಯ

ಮೂರು ಕೋಟೆಗಳ ನಟ್ಟನಡುವೆ ಒಬ್ಬ ಸಾಹುಕಾರ ಮನೆ ಕಟ್ಟಿಕೊಂಡು ಸುಖವಾಗಿದ್ದ. ಅವನ ವ್ಯಾಪಾರ ಏನು ಅಂತೀರಿ? ತೋಪು, ಗುಂಡು, ಮದ್ದು. ಯಾರಾದರೂ ಕೇಳಿದರೆ ಹಾಗೆ ಹೇಳುತ್ತಿರಲಿಲ್ಲ. "ನಂದು ಶಾಂತಿ ಕಾಪಾಡೋ ಕೆಲ್ಸ ಸ್ವಾಮಿ" ಎನ್ನುತ್ತಿದ್ದ. ನಗಬೇಡಿ, ಅವನು ಅದನ್ನು ನಿಜವಾಗಿ ನಂಬಿದ್ದ.

ಒಂದು ಬೆಟ್ಟದ ಕೋಟೆ, ಒಂದು ಹೊಳೆಯ ಕೋಟೆ, ಒಂದು ಬಯಲಿನ ಕೋಟೆ. ಒಂದೊಂದಕ್ಕೂ ಒಬ್ಬ ನಾಯಕ. ಯುಗಾದಿಯಲ್ಲಿ ಬೆಟ್ಟದವನೂ ಹೊಳೆಯವನೂ ಅಣ್ಣತಮ್ಮಂದಿರು, ಬಯಲಿನವನು ಶತ್ರು. ದಸರಾ ಬರುವಷ್ಟರಲ್ಲಿ ಹೊಳೆಯವನೂ ಬಯಲಿನವನೂ ಬೀಗರು, ಬೆಟ್ಟದವನು ಪರಮದ್ರೋಹಿ! ನಿನ್ನೆ ಬೈದ ಬಾಯಲ್ಲೇ ಇವತ್ತು ಅವನ ಮನೆಯ ಹೋಳಿಗೆ. ಆದರೆ ನೋಡಿ, ತೋಪುಗಳನ್ನು ಕೋಟೆಗೋಡೆಗೆ ಗಾರೆ ಹಾಕಿ ಕೂರಿಸಿಬಿಟ್ಟಿದ್ದಾರೆ. ಅವುಗಳ ಮೂತಿ ಹೋದ ವರ್ಷದ ಶತ್ರುವಿನ ಕಡೆಗಿದೆ, ಈ ವರ್ಷದ ಶತ್ರು ಇನ್ನೊಂದು ದಿಕ್ಕಿನಲ್ಲಿದ್ದಾನೆ. ಮಾಡುವುದೇನು? ಸಾಹುಕಾರನಿಗೆ ಹೇಳಿಕಳಿಸುತ್ತಿದ್ದರು. ಅವನು ಗಾಡಿಯ ಮೇಲೆ ಹೊಸ ತೋಪು ಹೇರಿಕೊಂಡು ನಗುನಗುತ್ತಾ ಹೊರಡುತ್ತಿದ್ದ.

ಹೋದ ಕಡೆಯಲ್ಲೆಲ್ಲ ಒಂದೇ ಮಾತು. "ಬುದ್ಧೀ, ಅವರಿಬ್ರಿಗೂ ಕೊಡೋದು ಬರೀ ಹೊಟ್ಟೆಪಾಡಿಗೆ. ನನ್ ಮನಸ್ಸೆಲ್ಲ ಇಲ್ಲೇ. ನಮ್ಮನೇಲಿ ಮೊದಲ ವೀಳ್ಯ ಅಂತ ಇದ್ರೆ ಅದು ತಮಗೇ." ಮೂವರಿಗೂ ಹೀಗೇ ಹೇಳಿದ. ಮೂವರೂ ನಂಬಿದರು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದರೆ ಇದೇ.

ಇಷ್ಟು ಸಾಲದು ಎಂದು ಮದ್ದಿಗೆ ಇಟ್ಟಿಗೆ ಪುಡಿ ಬೆರೆಸುತ್ತಿದ್ದ. ಸದ್ದು ಜೋರಾಗಿ ಬರುತ್ತಿತ್ತು, ಗುಂಡು ಮಾತ್ರ ಶತ್ರುವಿನ ಕೋಟೆ ಮುಟ್ಟುತ್ತಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಬ್ಬ ಗೆದ್ದುಬಿಟ್ಟರೆ ಅಂಗಡಿ ಮುಚ್ಚಬೇಕಲ್ಲ! ಆ ಗುಂಡು ದಾರಿಯಲ್ಲಿ ಉಳುತ್ತಿದ್ದವರ ಮೇಲೆ ಬೀಳುತ್ತಿತ್ತು. ಸಾಹುಕಾರ ಅವರ ತಿಥಿಗೆ ತಪ್ಪದೆ ಅಕ್ಕಿ ಕಳಿಸುತ್ತಿದ್ದ. ಎಂಥ ಧರ್ಮಾತ್ಮ!

ಅವನಿಗೆ ಒಬ್ಬಳೇ ಮಗಳು. ಇಷ್ಟೆಲ್ಲ ಮಾಡುವುದು ಅವಳಿಗಾಗಿಯೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅವಳ ಮದುವೆ ಗೊತ್ತಾಯಿತು. ಹೇಗೂ ಮೂವರೂ ಒಟ್ಟಿಗೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ಮೂವರು ನಾಯಕರಿಗೂ ಅಕ್ಷತೆ ಕೊಟ್ಟು ಕರೆದ. ಮುಹೂರ್ತದ ಹೊತ್ತಿಗೆ ಗುಂಡಿಲ್ಲದೆ ಬರೀ ಸದ್ದಿನ ಕುಶಾಲುತೋಪು ಹಾರಿಸಬೇಕೆಂದು ಕೇಳಿಕೊಂಡ. ಅವರೂ ಒಂದೊಂದು ಹೊಸ ತೋಪನ್ನು ಕೋಟೆಯ ಹೊರಗೆ ತಂದು, ಮದುವೆ ಮನೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದರು.

ಊಟದ ಸುದ್ದಿ ಕೇಳಿದರೆ ಯಾರು ಬಿಡುತ್ತಾರೆ? ಮೂವರೂ ಬಂದರು! ಧಾರೆಗೆ ಮುಂಚೆ ಪುರೋಹಿತರು "ಮೊದಲ ವೀಳ್ಯ ಯಾರಿಗೆ?" ಎಂದರು. ಸಾಹುಕಾರ ತಟ್ಟೆ ಹಿಡಿದು ನಿಂತ. ಮೂರು ಕೈ ಒಟ್ಟಿಗೆ ಮುಂದೆ ಬಂದವು.

"ಕೊಡೋ ಇಲ್ಲಿ, ನಂಗೆ ತಾನೇ ಮಾತು ಕೊಟ್ಟಿದ್ದು?" ಎಂದ ಬೆಟ್ಟದವನು.

"ನಿನಗಾ? ನಂಗೆ ಕೈಮೇಲೆ ಕೈಯಿಟ್ಟು ಹೇಳಿದಾನೆ!" ಎಂದ ಹೊಳೆಯವನು.

ಬಯಲಿನವನು ಇಬ್ಬರ ಮುಖವನ್ನೂ ನೋಡಿದ. "ಹಾಗಾದ್ರೆ ಆ ಬರೀ ಸದ್ದಿನ ಮದ್ದನ್ನೂ ನಮ್ ಮೂವರಿಗೂ ಒಂದೇ ಥರ ಕೊಟ್ಟಿರ್ಬೇಕು ಇವನು" ಎಂದ.

ಹುಟ್ಟಿದ ಮೇಲೆ ಮೊದಲ ಸಲ ಆ ಮೂವರಿಗೂ ಒಬ್ಬನೇ ಶತ್ರು ಸಿಕ್ಕಿದ್ದ. ಎಲೆಯ ಮುಂದೆ ಕೂರದೆ ಕುದುರೆ ಹತ್ತಿ ಹೊರಟೇಹೋದರು. ಸಾಹುಕಾರ ಅವರ ಹಿಂದೆ "ಬುದ್ಧೀ, ಬುದ್ಧೀ" ಎಂದು ಓಡಿದ. ಯಾವ ಬುದ್ಧಿಯೂ ತಿರುಗಿ ನೋಡಲಿಲ್ಲ.

ಮುಹೂರ್ತಕ್ಕೆ ಸರಿಯಾಗಿ ತೋಪು ಹಾರಿದವು. ಆದರೆ ಒಳಗೆ ಗುಂಡೂ ಇತ್ತು. ಶತ್ರುವಿನ ಕೋಟೆಗೆ ಎಂದೂ ಸಾಲದ ಆ ಮದ್ದು ಸಾಹುಕಾರನ ಮನೆಗೆ ಮಾತ್ರ ಸರಿಯಾಗಿ ಸಾಕಾಯಿತು. ಚಪ್ಪರ ಹರಿಯಿತು, ತೊಲೆ ಮುರಿಯಿತು, ಮದುಮಗ ಬಾಸಿಂಗದ ಸಮೇತ ಓಡಿದ. ಹಸೆಮಣೆಯ ಮೇಲೆ ಮಗಳು ಒಬ್ಬಳೇ ಉಳಿದಳು. ಮೈಗೆ ಗಾಯವಿಲ್ಲ. ಕಾಲಬುಡಕ್ಕೆ ಉರುಳಿ ಬಂದ ಗುಂಡನ್ನು ನೋಡುತ್ತಾ ಕೇಳಿದಳು: "ಅಪ್ಪಾ, ಇದೂ ನಮ್ಮ ಅಂಗಡೀದೇನಾ?"

ಬೇರೆಯವರ ಹೊಲದಲ್ಲಿ ಗುಂಡು ಬಿದ್ದಾಗ ಅಕ್ಕಿ ಕಳಿಸಿ ಕೈತೊಳೆದುಕೊಳ್ಳುತ್ತಿದ್ದವನು ಅವನು! ಈಗ ಆ ಗುಂಡನ್ನು ಶಲ್ಯದಲ್ಲಿ ಸುತ್ತಿ ತಾನೇ ಹೊರಗೆ ಹೊತ್ತ.

ದೊಡ್ಡ ದೊಡ್ಡ ದೇಶಗಳು ಹೀಗೇ ಮಾಡುತ್ತವೆ ಎಂದು ಪೇಪರ್ ಓದಿ ಬೈಯುತ್ತೀರಿ. ಬೈಯಿರಿ, ಬೈಸಿಕೊಳ್ಳಬೇಕಾದವೇ ಅವು. ಆದರೆ ಜಗುಲಿಯಲ್ಲಿ ಅತ್ತೆಗೆ "ನಿಮ್ ಸೊಸೇದೇ ತಪ್ಪು" ಎಂದು, ಹಿತ್ತಲಿಗೆ ಹೋಗಿ ಸೊಸೆಗೆ "ನಿಮ್ಮತ್ತೇದು ಅತಿಯಾಯ್ತಮ್ಮ" ಎಂದವರು ಈ ಸಭೆಯಲ್ಲಿ ಯಾರೂ ಇಲ್ಲವೇ? ತಮ್ಮ ಕಳಿಸಿದ ಮೆಸೇಜನ್ನು ಅಣ್ಣನಿಗೆ ಕಳಿಸಿ, "ನಾನು ಹೇಳ್ದೆ ಅನ್ಬೇಡಿ" ಎಂದವರು? ಯಾಕೆ ತಲೆ ತಗ್ಗಿಸಿದಿರಿ? ನಾನು ಯಾರ ಹೆಸರನ್ನೂ ಹೇಳಲಿಲ್ಲವಲ್ಲ!

ಇವತ್ತೇ ಶುರುಮಾಡಿ. ಜಗಳವಾಡಿದವರಲ್ಲಿ ಒಬ್ಬರು ನಿಮ್ಮ ಬಳಿ ಬಂದರೆ, ಇನ್ನೊಬ್ಬರು ಪಕ್ಕದಲ್ಲೇ ಕೂತಿದ್ದರೂ ಹೇಳಬಲ್ಲ ಮಾತನ್ನಷ್ಟೇ ಹೇಳಿ. ಹಾಗೆ ಹೇಳಲಾಗದ ಮಾತಾದರೆ ನುಂಗಿಬಿಡಿ. ಹೊಟ್ಟೆ ಸ್ವಲ್ಪ ಉಬ್ಬರಿಸಬಹುದು, ಮನೆ ಉಳಿಯುತ್ತದೆ.