ಫೈಲಿನ ನೆತ್ತಿಯ ಮೇಲೊಂದು ಶ್ರೀ

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟ ಬಸ್ಸಿನಲ್ಲಿ ಹಾಲಮ್ಮನಿಗೆ ಇನ್ನೇನು ನಿದ್ದೆ ಹತ್ತುವುದರಲ್ಲಿತ್ತು. ಮುಂದಿನ ಸೀಟಿನಲ್ಲಿ ನಡುವಯಸ್ಸಿನವನೊಬ್ಬ ಪಕ್ಕದಲ್ಲಿದ್ದ ತನ್ನ ಆಫೀಸಿನ ಹುಡುಗಿಯ ಮೇಲೆ ಹರಿಹಾಯತೊಡಗಿದ.

“ವಿದ್ಯಾಶ್ರೀ, ಆ ಸಾಫ್ಟ್‌ವೇರ್ ಪ್ಯಾಕೇಜ್ ನಾವು ಬರೆದಿದ್ದಲ್ಲ, ಹೊರಗಿಂದ ತಂದಿದ್ದು. ಅದರ ಫೈಲ್‌ಗೂ ಯಾಕ್ರೀ ಮೇಲೆ ಶ್ರೀ ಬರೆದ್ರಿ?”

ದಿನಸಿ ಚೀಟಿಗೂ ಶ್ರೀ ಬರೆದುಕೊಂಡೇ ಗಾಂಧಿ ಬಜಾರಿಗೆ ಬರುವ ಹಾಲಮ್ಮನ ನಿದ್ದೆ ಅಲ್ಲಿಗೆ ಹಾರಿಹೋಯಿತು.

“ಅಭ್ಯಾಸ ಸರ್. ಬರೀ ಕಾಮೆಂಟ್, ನಾವು ಓದ್ಕೊಳ್ಳೋ ಟಿಪ್ಪಣಿ ತಾನೆ, ಪ್ರೋಗ್ರಾಂಗೆ ಏನೂ ಆಗಲ್ಲ.”

“ಹ್ಯಾಶ್ ಬದಲಾಗುತ್ತಲ್ಲ. ಅದು ಫೈಲಿನ ಬೆರಳಚ್ಚು ಇದ್ದ ಹಾಗೆ, ಒಂದಕ್ಷರ ಸೇರಿದ್ರೂ ಬೇರೇನೇ ಆಗುತ್ತೆ ಅಂತ ಎಷ್ಟು ಸಲ ಹೇಳಿದೀನಿ? ಈಗ ಅದು ಕಳ್ಳರು ನುಗ್ಗೋ ಹಳೇ ಪ್ಯಾಕೇಜೋ, ಸರಿ ಮಾಡಿದ ಹೊಸದೋ ಅಂತ ಗುರುತೇ ಸಿಗ್ತಿಲ್ಲ. ಅದನ್ನ ಬಳಸೋ ಆಸ್ಪತ್ರೆಯವರಿಗೆ ಏನಂತ ಹೇಳ್ಲಿ?”

“ಬೆಳಿಗ್ಗೇನೇ ಎಲ್ಲಾ ಶ್ರೀ ಅಳಿಸಿದೆ ಸರ್. ಆದ್ರೂ ಹ್ಯಾಶ್ ಮೂಲದ್ದಕ್ಕೆ ಹೊಂದ್ತಿಲ್ಲ.”

“ಸರಿಯಾಗಿ ಅಳಿಸಿರಲ್ಲ ನೀವು.”

“ಅಳಿಸಿದೀನಿ ಸರ್. ಕೊನೇ ಸಾಲಲ್ಲಿ ಶುಭಂ ಅಂತ ಇದೆ. ಅದು ನಾನು ಬರೆದಿದ್ದಲ್ಲ.”

ಅವನು ಕಿಟಕಿಯ ಕಡೆ ತಿರುಗಿ ಕುಳಿತ. ಭದ್ರಾವತಿ ಬಂದಾಗ ಬ್ಯಾಗು ಹೆಗಲಿಗೇರಿಸಿ, ಅವಳ ಮುಖ ನೋಡದೆ ಎದ್ದ.

“ಅದನ್ನ ನಾನೇ ಅಳಿಸ್ತೀನಿ, ನಡೀರಿ.”