ಹನುಮೇಶನ ಬಿಡುಗಡೆಗೆ ಒಂದು ಅಂಜಲ್

ನನ್ನ ಹೆಸರು ವಿಶಾಲ್ ಮೆಂಡನ್, ಪ್ರಾಯ 23 ವರ್ಷ, ತಾಯಿ ಸರಸ, ಉದ್ಯೋಗ ಕಾಪು ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಕರಾರು ಪತ್ರ, ಅಫಿಡವಿಟ್ ಇತ್ಯಾದಿ ಟೈಪ್ ಮಾಡುವುದು, ವಾಸ ಉದ್ಯಾವರ ಗ್ರಾಮದ ಪಿತ್ರೋಡಿ. ಇಂದು 19-07-2025ರ ಬೆಳಿಗ್ಗೆ 10.15ಕ್ಕೆ, ಯಾರೂ ಕರೆಯದೆ ನಾನಾಗಿಯೇ ಕಾಪು ಠಾಣೆಗೆ ಬಂದು ಹೇಳುವುದು ಏನೆಂದರೆ:

ನನ್ನ ಸೋದರಮಾವ ಅಂಗಾರ ಎಂಬವರು ತಮ್ಮ ದೋಣಿಯನ್ನು ಹನುಮೇಶ, ಪ್ರಾಯ 20, ಎಂಬವನು ಕದ್ದಿದ್ದಾನೆಂದು ನಿನ್ನೆ ದೂರು ಕೊಟ್ಟಿರುತ್ತಾರೆ. ಹನುಮೇಶನೂ ಮಣಿಪಾಲದ ಆಸ್ಪತ್ರೆಯಲ್ಲಿ ಮಲಗಿಕೊಂಡೇ, ದೋಣಿ ತೆಗೆದದ್ದು ತಾನೇ, ಬೇರೆ ಯಾರಿಗೂ ಇದರಲ್ಲಿ ಸಂಬಂಧವಿಲ್ಲ ಎಂದು ಹೇಳಿಕೆ ಕೊಟ್ಟಿರುತ್ತಾನೆ. ಆ ಹೇಳಿಕೆ ಸರಿಯಲ್ಲ. ಕಳವಿನ ಕೇಸು ನಿಂತರೆ ಬೆಂಗಳೂರಿನ ವೃತ್ತಿಪರ ಫುಟ್ಬಾಲ್ ತಂಡವು ಅವನನ್ನು ತೆಗೆದುಕೊಳ್ಳುವುದಿಲ್ಲ. ಆದ ಕಾರಣ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಹನುಮೇಶನು ಕುಷ್ಟಗಿ ಕಡೆಯವನು. ತಾಯಿ ಹುಲಿಗೆವ್ವನೊಂದಿಗೆ ಮಣಿಪಾಲದಲ್ಲಿ ಕಟ್ಟಡದ ಕೆಲಸ ಮಾಡಿಕೊಂಡಿದ್ದಾನೆ. ಎರಡು ವರ್ಷದಿಂದ ಪ್ರತಿ ಭಾನುವಾರ ಬಸ್ಸಿನಲ್ಲಿ ಕಾಪು ಕಡಲ ಬದಿಗೆ ಬಂದು ನಮ್ಮ ತಂಡದಲ್ಲಿ ಆಡುತ್ತಿದ್ದನು. ನಮ್ಮಲ್ಲಿ ಹನ್ನೊಂದು ಜನರೂ ಆಡುತ್ತೇವೆ ಎನ್ನುವುದು ಮಾತಿಗೆ ಮಾತ್ರ. ಆಡುವವನು ಅವನೊಬ್ಬ.

12-01-2025ರ ಭಾನುವಾರ ನಾನು ಅವನಿಗೊಂದು ಕರಾರು ಪತ್ರ ತಯಾರಿಸಿದೆ. ಅಂಗಡಿಯಲ್ಲಿದ್ದ ಮನೆಬಾಡಿಗೆ ಕರಾರನ್ನೇ ತಿದ್ದಿ, ಮಾಲೀಕ ಎಂದಿದ್ದಲ್ಲಿ ತಂಡ, ಬಾಡಿಗೆದಾರ ಎಂದಿದ್ದಲ್ಲಿ ಆಟಗಾರ ಎಂದು ಹಾಕಿ, ನೂರು ರೂಪಾಯಿಯ ಛಾಪಾ ಕಾಗದದಲ್ಲಿ ಮುದ್ರಿಸಿದೆ. ಒಟ್ಟು ಒಂಬತ್ತು ಕಲಮುಗಳು. ಮೀನು ಹರಾಜಿನ ಶೆಡ್ಡಿನಲ್ಲಿ ಸಂಜೆ 5 ಗಂಟೆಗೆ ಸಹಿ ಹಾಕುವ ಸಮಾರಂಭ ನಡೆಯಿತು. ನಾನು ಕಪ್ಪು ಕೋಟು ಧರಿಸಿ ಕಲಮುಗಳನ್ನು ಒಂದೊಂದಾಗಿ ಓದಿದೆ. ಹುಲಿಗೆವ್ವ ಹೊಸ ಸೀರೆ ಉಟ್ಟು ಬಂದಿದ್ದರು. ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದರು. ನಾವೆಲ್ಲ ನಗು ತಡೆದುಕೊಂಡೆವು. ತಾಯಿ ಮಗ ಇಬ್ಬರೂ ನಗಲಿಲ್ಲ.

ಏಳನೇ ಕಲಮಿನಲ್ಲಿ ಬಿಡುಗಡೆ ಷರತ್ತು ಇದೆ. ಎಸ್ಐ ಸಾಹೇಬರು ಇದೇನೆಂದು ಕೇಳಿದ್ದರಿಂದ ವಿವರಿಸುತ್ತೇನೆ. ದೊಡ್ಡ ದೊಡ್ಡ ತಂಡಗಳು ಆಟಗಾರನೊಂದಿಗೆ ಕರಾರು ಮಾಡುವಾಗ ಒಂದು ಬೆಲೆ ಬರೆದಿಡುತ್ತವೆ. ಬೇರೆ ತಂಡವು ಆ ಬೆಲೆ ಕೊಟ್ಟರೆ ಕರಾರಿನ ಮಧ್ಯದಲ್ಲಿಯೂ ಅವನನ್ನು ತಡೆಯುವಂತಿಲ್ಲ. ಆಟಗಾರ ಎಷ್ಟು ಒಳ್ಳೆಯವನೋ ಬೆಲೆ ಅಷ್ಟು ಹೆಚ್ಚು. ಕೆಲವರಿಗೆ ಯಾರಿಂದಲೂ ಕೊಡಲಾಗದ ಬೆಲೆ ಇಡುತ್ತಾರೆ. ಹನುಮೇಶನಿಗೆ ನಾನು ಇಟ್ಟ ಬೆಲೆ ಹೀಗಿದೆ: ಜೂನ್ ಮತ್ತು ಜುಲೈ ತಿಂಗಳಲ್ಲಿ ಕಡಲಿನಿಂದ ಅದೇ ದಿನ ಹಿಡಿದ, ಎಂಟು ಕಿಲೋಗೆ ಕಡಿಮೆಯಿಲ್ಲದ ಒಂದು ಅಂಜಲ್ ಮೀನನ್ನು ಆಟಗಾರನಾಗಲಿ ಅವನನ್ನು ಬಯಸುವ ತಂಡವಾಗಲಿ ಕಾಪು ದೀಪಸ್ತಂಭದ ಬುಡದಲ್ಲಿ ಒಪ್ಪಿಸತಕ್ಕದ್ದು.

ಆ ಎರಡು ತಿಂಗಳು ಬೋಟುಗಳಿಗೆ ನಿಷೇಧ, ಕಡಲು ಎದ್ದಿರುತ್ತದೆ, ಅಂಜಲ್ ಇರುವುದು ಆಳದಲ್ಲಿ. ಇದು ನಮ್ಮ ಕಡೆ ಅಂಗನವಾಡಿ ಮಕ್ಕಳಿಗೂ ಗೊತ್ತು. ಕುಷ್ಟಗಿಯವನಿಗೆ ಗೊತ್ತಿರುವುದಿಲ್ಲ ಎಂದು ನನಗೆ ಹೊಳೆಯಲಿಲ್ಲ. ಅವನು ನಮ್ಮನ್ನು ಬಿಟ್ಟು ಹೋಗಬಾರದೆಂಬ ಆಸೆಯೂ ಅದರಲ್ಲಿ ಇತ್ತು. ಅದನ್ನು ನೇರವಾಗಿ ಹೇಳಲು ನಾಚಿಕೆಯಾಗಿ ಮೀನಿನ ಮೂಲಕ ಹೇಳಿದೆವು. ಹನುಮೇಶನು ಆ ಪತ್ರವನ್ನು ಲ್ಯಾಮಿನೇಶನ್ ಮಾಡಿಸಿ ರೇಷನ್ ಕಾರ್ಡಿನ ಜೊತೆ ಇಟ್ಟುಕೊಂಡನು.

25-05-2025ರಂದು ಕಾರ್ಕಳದ ಪಂದ್ಯಾಟದಲ್ಲಿ ಅವನು ಮೂರು ಗೋಲು ಹೊಡೆದನು. ಅದನ್ನು ಶಿರ್ವದ ರೊಸಾರಿಯೊ ಎಂಬವರು ನೋಡಿದರು. ಅವರು ಬೆಂಗಳೂರಿನ ತಂಡಕ್ಕೆ ಆಟಗಾರರನ್ನು ಹುಡುಕಿ ಕೊಡುವವರು. 08-07-2025ರಂದು ಅವರು ಹನುಮೇಶನಿಗೆ ಫೋನ್ ಮಾಡಿ, ತಂಡವು ಒಂದು ವರ್ಷದ ಕರಾರಿಗೆ ಒಪ್ಪಿದೆ, 25ನೇ ತಾರೀಕಿಗೆ ಹಾಜರಾಗಬೇಕು, ಬೇರೆ ಕಡೆ ಏನಾದರೂ ಕರಾರು ಇದ್ದರೆ ಮುಗಿಸಿಕೊಂಡು ಬರಬೇಕು ಎಂದು ತಿಳಿಸಿದರು. ಎಲ್ಲ ಆಟಗಾರರಿಗೂ ಹೇಳುವ ಮಾತಿದು. ಇಂಥ ಒಂದು ಪತ್ರ ಇರುವುದು ಅವರಿಗೆ ಗೊತ್ತಿರಲಿಲ್ಲ.

13-07-2025ರ ಭಾನುವಾರ ಆಟ ಮುಗಿದ ಮೇಲೆ ಹನುಮೇಶನು ನನ್ನ ಹತ್ತಿರ ಬಂದು, ಅಂಜಲ್ ಅಂದರೆ ಎಂಥ ಮೀನು, ಬಣ್ಣ ಯಾವುದು ಎಂದು ಕೇಳಿದನು. ನಾನು ಕೈಯಲ್ಲಿ ಅಳತೆ ತೋರಿಸಿದೆ. ಮಾರ್ಕೆಟಿನಲ್ಲಿ ಕೊಂಡು ಕೊಟ್ಟರೆ ಆಗುತ್ತದೆಯೇ ಎಂದನು. ಆಗುವುದಿಲ್ಲ, ಕಲಮಿನಲ್ಲಿ ಸ್ಪಷ್ಟವಾಗಿ ಉಂಟಲ್ಲ ಎಂದೆ. ಬೆಂಗಳೂರಿನ ವಿಷಯ ಅವನು ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ.

17-07-2025ರ ಗುರುವಾರ ಬೆಳಿಗ್ಗೆ 6.40ಕ್ಕೆ ನಾನು ಪಿತ್ರೋಡಿ ಹೊಳೆ ಬದಿಗೆ ಹೋದಾಗ ಮಾವನ ದೋಣಿ ಕಟ್ಟಿದ ಜಾಗದಲ್ಲಿ ಇರಲಿಲ್ಲ. ಸುಮಾರು 600 ಮೀಟರ್ ದೂರದಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ, ದೋಣಿ ಕವುಚಿ ಬಿದ್ದಿರುವುದು ಕಾಣಿಸಿತು. ಓಡಿದೆ. ಹನುಮೇಶನು ತಡೆಗೋಡೆಯ ಕಲ್ಲು ಹಿಡಿದುಕೊಂಡಿದ್ದನು. ಅವನಿಗೆ ಈಜು ಬರುವುದಿಲ್ಲ. ಎಡಗಾಲು ದೋಣಿಗೂ ಕಲ್ಲಿಗೂ ನಡುವೆ ಸಿಕ್ಕಿಬಿದ್ದಿತ್ತು. ಸೊಂಟಕ್ಕೆ ಹಗ್ಗದಿಂದ ಒಂದು ಗಾಳ ಕಟ್ಟಿಕೊಂಡಿದ್ದನು. ನಾನೂ ಬಲೆ ಹಾಕುತ್ತಿದ್ದ ಇಬ್ಬರೂ ಸೇರಿ ಎತ್ತಿದೆವು. ಗಡುವು ಮುಗಿಯಿತೆಂದು ಹೇಳಲು ನಾನು ಬಂದೆನೇನೋ ಎಂಬಂತೆ ಅವನು, ಇನ್ನೂ ಎಂಟು ದಿನ ಐತ್ರಿ ಅಣ್ಣ ಎಂದನು. 7.50ಕ್ಕೆ ಆಸ್ಪತ್ರೆಗೆ ಮುಟ್ಟಿಸಿದೆವು. ಹಿಮ್ಮಡಿಯ ಮೇಲೆ ಎರಡು ಕಡೆ ಮುರಿದಿದೆ. ಮೂಳೆ ಕೂಡುತ್ತದೆ, ಆರು ತಿಂಗಳ ನಂತರ ಆಡಬಹುದು ಎಂದು ಡಾಕ್ಟರು ಹೇಳಿದ್ದಾರೆ. ತಂಡವು ಜನವರಿಯವರೆಗೆ ಕಾಯುತ್ತದೆ, ಆದರೆ ಪೊಲೀಸ್ ಕೇಸಿನವರನ್ನು ಮುಟ್ಟುವುದಿಲ್ಲ ಎಂದು ರೊಸಾರಿಯೊ ಅವರು ನನಗೆ ಫೋನಿನಲ್ಲಿ ತಿಳಿಸಿದ್ದಾರೆ.

ನಿನ್ನೆ 18ರಂದು ಸಂಜೆ 4.30ಕ್ಕೆ ನಾನು ಆಸ್ಪತ್ರೆಗೆ ಹೋಗಿ, ಯಾಕೆ ಸುಳ್ಳು ಹೇಳಿಕೆ ಕೊಟ್ಟೆ ಎಂದು ಅವನನ್ನು ಕೇಳಿದೆ. ತಂಡದ ಮರ್ಯಾದೆಗೆ ಧಕ್ಕೆ ತರಬಾರದೆಂದು ಐದನೇ ಕಲಮಿನಲ್ಲಿ ಇದೆಯಲ್ಲ ಎಂದನು. ಅದು ಬಾಡಿಗೆ ಕರಾರಿನಲ್ಲಿ ಮಾಲೀಕನ ಮರ್ಯಾದೆ ಎಂದಿದ್ದ ಸಾಲು. ಆಗ ನಾನು, ಆ ಪತ್ರ ಪೂರ್ತಿ ತಮಾಷೆಗೆ ಮಾಡಿದ್ದು, ಅದಕ್ಕೆ ಬೆಲೆ ಇಲ್ಲ, ಯಾವ ಮೀನೂ ಬೇಡ, ನೀನು ಫೋನ್ ಬಂದ ದಿನವೇ ಹೋಗಬಹುದಿತ್ತು ಎಂದು ಹೇಳಿದೆ. ಹುಲಿಗೆವ್ವ ಮಗನ ಕಾಲಿನ ಹತ್ತಿರ ಕುಳಿತಿದ್ದರು. ತಮ್ಮ ಹೆಬ್ಬೆರಳನ್ನು ಸೆರಗಿನಿಂದ ಒರೆಸಿಕೊಂಡರು. ಹನುಮೇಶನು ಹೀಗೆ ಹೇಳಿದನು:

“ಹಂಗಾದ್ರ ನಾನು ನಿಮ್ ಟೀಮಿನ್ಯಾಗ ಇರ್ಲೇ ಇಲ್ಲೇನ್ರಿ ಅಣ್ಣ?”

ನಾನು 4.55ಕ್ಕೆ ಹೊರಗೆ ಬಂದೆ.

ಗುರುವಾರ ಅಷ್ಟು ಬೆಳಿಗ್ಗೆ ನಾನು ಹೊಳೆ ಬದಿಗೆ ಯಾಕೆ ಹೋದೆ ಎಂದು ಈಗ ಸಾಹೇಬರು ಕೇಳುತ್ತಿದ್ದಾರೆ. 16ನೇ ತಾರೀಕಿನ ಒಂದು ಸಂಗತಿಯನ್ನು ಅದರ ಜಾಗದಲ್ಲಿ ಹೇಳದೆ ದಾಟಿ ಬಂದಿದ್ದೇನೆ. ಆ ಸಂಜೆ 7.20ಕ್ಕೆ ಹನುಮೇಶನು ಫೋನ್ ಮಾಡಿ, ನಾಳೆ ಒಂದು ತಾಸು ದೋಣಿ ಸಿಗುತ್ತದೆಯೇ ಎಂದು ಕೇಳಿದನು. ನಾನು ಹೇಳಿದ್ದು: “ತಕ್ಕೊಂಡು ಹೋಗು ಮಾರಾಯ. ಏಳನೇ ಕಲಮಿನ ಪ್ರಕಾರ ನಿನಗೆ ಹಕ್ಕು ಉಂಟು.” ಸರಪಳಿಯ ಬೀಗದ ಕೈ ತೆಂಗಿನ ಮರದ ಬುಡದಲ್ಲಿ ಕರಟದ ಅಡಿ ಇದೆ ಎಂದೂ ಹೇಳಿದೆ. ಅವನು ಹೊಳೆಯಲ್ಲಿಯೇ ಸುತ್ತು ಹೊಡೆಯುತ್ತಾನೆ, ವಿಡಿಯೋ ಮಾಡಿ ಗ್ರೂಪಿಗೆ ಹಾಕುವುದು ಎಂದು ನನ್ನ ಅಂದಾಜಿತ್ತು. 5.30ಕ್ಕೆ ಅಲಾರಾಂ ಇಟ್ಟಿದ್ದೆ. ಅದನ್ನು ನಿಲ್ಲಿಸಿ ಪುನಃ ಮಲಗಿದೆ.

ಹಾಗಾದರೆ ನೀನು ಹೇಳಿದ್ದು ತಮಾಷೆಗೆ ಅಲ್ವಾ, ಅನುಮತಿ ಎಂದು ಬರೆದರೆ ನಿನ್ನ ಮೇಲೆಯೇ ಬರುತ್ತದೆ ಎಂದು ಸಾಹೇಬರು ತಿಳಿಸಿದರು. ಮಾವ ಮನೆಗೆ ಸೇರಿಸಲಿಕ್ಕಿಲ್ಲ ಎಂಬುದೂ ನನಗೆ ಗೊತ್ತು. ನಾನು ನಗುತ್ತ ಹೇಳಿದ್ದು ನಿಜ. ಅವನು ಕೇಳಿದ್ದು ನಗುತ್ತ ಅಲ್ಲ. ಅನುಮತಿ ಎಂದೇ ಬರೆಯಬೇಕಾಗಿ ವಿನಂತಿ. ಮಾವನ ದೋಣಿಯ ಬೀಗ ನನ್ನ ಜವಾಬ್ದಾರಿಯಲ್ಲಿ ಇತ್ತು. ಬೀಗ ಒಡೆದಿಲ್ಲ, ದೋಣಿ ಕಳವಾಗಿಲ್ಲ. ಅದನ್ನು ನಮ್ಮ ತಂಡದ ಆಟಗಾರನಿಗೆ ಕೊಟ್ಟದ್ದು. ಕೊಟ್ಟವನು ನಾನು.

ಬರೆದದ್ದನ್ನು ನನಗೆ ಎರಡು ಸಲ ಓದಿ ಹೇಳಿರುತ್ತಾರೆ. ನಾನು ಹೇಳಿದಂತೆಯೇ ಇದೆ, ಇದರಲ್ಲಿ ತಮಾಷೆ ಯಾವುದೂ ಇಲ್ಲ.

ಸ್ಥಳ: ಕಾಪು
ದಿನಾಂಕ: 19-07-2025, ಮಧ್ಯಾಹ್ನ 12.05
ಸಹಿ: ವಿಶಾಲ್ ಮೆಂಡನ್